ಅಪ್ಪ-ಮಗನ ನಡುವೆ ಷರತ್ತು ಯಾಕೆ?

ಪತ್ರ: ಹೋದ ಸಂಚಿಕೆಯಲ್ಲಿ ವಯಸ್ಸಾದವರ ಆಸ್ತಿ ಬಗ್ಗೆ ಬಂದ ಲೇಖನ ಓದಿ ಬೇಜಾರಾಯಿತು. ಮಕ್ಕಳೆಲ್ಲ ಕಳ್ಳರು ಅನ್ನೋ ಹಾಗೆ ಬರೆದಿದ್ದೀರಿ. ನಾನು ಊರಲ್ಲೇ ಉಳಿದು ಅಪ್ಪನನ್ನು ನೋಡಿಕೊಳ್ಳುತ್ತಿದ್ದೇನೆ. ಅವರ ಎಟಿಎಂ ಕಾರ್ಡ್ ನನ್ನ ಹತ್ತಿರವೇ ಇರುತ್ತದೆ, ಅದರಲ್ಲಿ ತಪ್ಪೇನು? ಮನೆ, ಜಮೀನು ನನ್ನ ಹೆಸರಿಗೆ ದಾನಪತ್ರ ಮಾಡಿಕೊಡಲು ಅವರು ಒಪ್ಪಿದ್ದರು. ತಂಗಿಗೆ ಮದುವೆಯಲ್ಲೇ ಕೊಟ್ಟಾಗಿದೆ. ಈಗ ನಿಮ್ಮ ಲೇಖನ ಓದಿ 'ನನ್ನನ್ನು ನೋಡಿಕೊಳ್ಳಬೇಕು ಅಂತ ಷರತ್ತು ಬರೆಸೋಣ ಕಣಪ್ಪಾ' ಅನ್ನುತ್ತಿದ್ದಾರೆ. ಅಪ್ಪ-ಮಗನ ನಡುವೆ ಷರತ್ತು ಯಾಕೆ ಸ್ವಾಮಿ?
– ಚನ್ನರಾಯಪಟ್ಟಣದ ಓದುಗರು (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಮೊದಲು ಒಂದು ಮಾತು. ಊರಲ್ಲೇ ಉಳಿದು ಅಪ್ಪನ ಮಾತ್ರೆ, ಊಟ, ಆಸ್ಪತ್ರೆ ಎಲ್ಲ ನೋಡಿಕೊಳ್ಳುವ ಮಗನ ಬಗ್ಗೆ ನನಗೆ ಗೌರವವಿದೆ. ಹಬ್ಬಕ್ಕೆ ಬಂದು ಫೋಟೊ ತೆಗೆಸಿಕೊಂಡು ಹೋಗುವವರಿಗೆ ಆ ಕಷ್ಟ ಗೊತ್ತಾಗುವುದಿಲ್ಲ. ಹೆತ್ತವರೇ ಕಾನೂನನ್ನು ತಿರುಚಿ ಬಳಸಿದ್ದೂ ಉಂಟು. ಬೆಂಗಳೂರಿನ ಒಂದು ಪ್ರಕರಣದಲ್ಲಿ ಅತ್ತೆ-ಮಾವ ಹಿರಿಯರ ಕಾಯ್ದೆ ಹಿಡಿದು ಸೊಸೆಯನ್ನು ಮನೆಯಿಂದ ಹೊರಹಾಕಿಸಲು ಹೋಗಿದ್ದರು. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿತು. ಇಷ್ಟನ್ನು ಒಪ್ಪುತ್ತೇನೆ.

ಆದರೆ ನಿಮ್ಮ ಅಪ್ಪ ಹೇಳಿದ್ದು ಸರಿ. ನೂರಕ್ಕೆ ನೂರು ಸರಿ.

ಹೋದ ವರ್ಷ ಒಂದು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಒಬ್ಬರು ಅಜ್ಜಿ. ಮೊಮ್ಮಗ ಕೈಹಿಡಿದು ಕರೆತಂದಿದ್ದ. ಹೆಬ್ಬೆಟ್ಟು ಇಡುವ ಮೆಷಿನ್ನಿಗೆ ಅಜ್ಜಿಯ ಬೆರಳು ಸಿಗುತ್ತಿಲ್ಲ. ಗದ್ದೆ ಕೆಲಸ ಮಾಡಿ ಗೆರೆಯೆಲ್ಲ ಸವೆದುಹೋಗಿದೆ. ಅವರು ಬೆರಳನ್ನು ಸೆರಗಿಗೆ ಉಜ್ಜುತ್ತಾರೆ, ಮತ್ತೆ ಇಡುತ್ತಾರೆ, ಮತ್ತೆ ಉಜ್ಜುತ್ತಾರೆ. ಕೊನೆಗೆ ನನ್ನ ಕಡೆ ತಿರುಗಿ, 'ಪಿಂಚಣಿ ಈ ತಿಂಗಳಿಂದಲೇ ಬರುತ್ತಾ ಮಗಾ?' ಅಂದರು. ಆಗುತ್ತಿದ್ದದ್ದು ಪಿಂಚಣಿ ಕೆಲಸವಲ್ಲ, ದಾನಪತ್ರ. ನಾನು ಕೌಂಟರಿನವರಿಗೆ ಹೇಳಿದೆ. 'ಎಲ್ಲ ಓದಿ ಹೇಳಿದೀವಿ ಅಜ್ಜಿ, ಅಲ್ವಾ?' ಎಂದು ಅವರು ಕೂಗಿ ಕೇಳಿದರು. ಅಜ್ಜಿ ಮೊಮ್ಮಗನ ಮುಖ ನೋಡಿ ತಲೆಯಾಡಿಸಿದರು. ಮುಗಿಯಿತು.

ಅಲ್ಲಿ ಸಾಕ್ಷಿಗಳಿದ್ದರು, ಫೋಟೊ ಇತ್ತು, ಸಹಿ ಇತ್ತು. ಆ ಅಜ್ಜಿಯನ್ನು ಪಕ್ಕಕ್ಕೆ ಕರೆದು, ಒಬ್ಬರೇ ಇರುವಾಗ, 'ಏನು ಬರೆದುಕೊಡ್ತಿದೀರಿ ಗೊತ್ತಾ ತಾಯಿ?' ಎಂದು ಕೇಳುವವರು ಮಾತ್ರ ಇರಲಿಲ್ಲ. ಅದನ್ನು ಕೇಳಲು ಐದು ನಿಮಿಷ ಸಾಕು.

ದಾನಪತ್ರ ನೋಂದಣಿಯಾಗಿ ಪಡೆದವರು ಒಪ್ಪಿಕೊಂಡರೆ ಅಲ್ಲಿಗೆ ಆಸ್ತಿ ಕೈಬಿಟ್ಟ ಹಾಗೆಯೇ. ಕೊಟ್ಟವರಿಗೆ ಬೇಜಾರಾಯಿತು ಅಂತ ವಾಪಸ್ ಕೇಳಲು 1882ರ ಆಸ್ತಿ ವರ್ಗಾವಣೆ ಕಾಯ್ದೆ ಬಿಡುವುದಿಲ್ಲ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ನಮ್ಮ ಹಿರಿಯರು ಸುಮ್ನೆ ಹೇಳಲಿಲ್ಲ. ವಯಸ್ಸಾದವರಿಗೆ ಇದರಿಂದ ಹೊರಬರಲು ಒಂದು ದಾರಿ ಸಿಕ್ಕಿದ್ದು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್‌ನಿಂದ. 60 ದಾಟಿದವರು, ತಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದೇ ಹೋದರೆ, ಆ ಪತ್ರವನ್ನು ರದ್ದು ಮಾಡಿಸಬಹುದು. ಸಿವಿಲ್ ಕೋರ್ಟಿಗೆ ಅಲೆಯಬೇಕಿಲ್ಲ. ಉಪವಿಭಾಗಾಧಿಕಾರಿಯ, ಅಂದರೆ ಎಸಿ ಸಾಹೇಬರ ಮುಂದೆ ಅರ್ಜಿ ಕೊಟ್ಟರಾಯಿತು.

ಆ ಷರತ್ತು ಎಲ್ಲಿದೆ ಅನ್ನುವುದೇ ದೊಡ್ಡ ಜಗಳ. ಷರತ್ತು ಇತ್ತು ಎಂದು ತೋರಿಸದೆ ಪತ್ರ ರದ್ದಾಗುವುದಿಲ್ಲ ಎಂದು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬಾಯಿಮಾತಿನಲ್ಲಿ 'ನಿನ್ನನ್ನು ರಾಣಿ ಥರ ನೋಡ್ಕೋತೀನಿ ಅಮ್ಮಾ' ಎಂದಿದ್ದನ್ನು ಎಸಿ ಮುಂದೆ ಹೇಗೆ ತೋರಿಸುವುದು? ಆಮೇಲೆ ಮಧ್ಯಪ್ರದೇಶದ ಛತ್ತರ್‌ಪುರದ ಒಬ್ಬ ತಾಯಿಯ ಪ್ರಕರಣ ಬಂತು. 2019ರಲ್ಲಿ ಅವರು ಮಗನಿಗೆ ಆಸ್ತಿ ಬರೆದುಕೊಟ್ಟಿದ್ದರು. ಕೊನೆಯವರೆಗೆ ನೋಡಿಕೊಳ್ಳುತ್ತೇನೆ, ತಪ್ಪಿದರೆ ವಾಪಸ್ ತೆಗೆದುಕೊಳ್ಳಬಹುದು ಎಂದು ಮಗ ಬರೆದುಕೊಟ್ಟ ಇನ್ನೊಂದು ಪತ್ರ ತಾಯಿಯ ಹತ್ತಿರ ಇತ್ತು. ಮಗ ನೋಡಿಕೊಳ್ಳುತ್ತಿಲ್ಲ ಎಂದು ತಾಯಿ ಮೊರೆಹೋದರೂ ಹೈಕೋರ್ಟಿನಲ್ಲಿ ಕೊನೆಗೆ ಸೋತರು. 2025ರ ಜನವರಿ 2ರಂದು ಸುಪ್ರೀಂ ಕೋರ್ಟ್ ದಾನಪತ್ರ ರದ್ದು ಮಾಡಿ, ಆಸ್ತಿಯನ್ನು ತಾಯಿಯ ಸ್ವಾಧೀನಕ್ಕೆ ಕೊಡಿಸಿತು. ಇದು ಹಿರಿಯರ ರಕ್ಷಣೆಗೆಂದೇ ಮಾಡಿದ ಕಾನೂನು, ಅದನ್ನು ಉದಾರವಾಗಿ ಓದಬೇಕು ಎಂದಿತು. ಅದನ್ನು ಓದಿದ ದಿನ ನನಗೆ ಎಷ್ಟು ಸಮಾಧಾನವಾಯಿತೋ! ಹಾಗಿದ್ದರೂ ಆ ತಾಯಿಯ ಕೈಹಿಡಿದದ್ದು ಅವರ ಹತ್ತಿರ ಇದ್ದ ಕಾಗದವೇ. ನಿಮ್ಮ ಅಪ್ಪ ಕೇಳುತ್ತಿರುವುದೂ ಅದನ್ನೇ.

ನೋಡಿಕೊಳ್ಳುವ ಮಗನಿಗೆ ಷರತ್ತಿನ ಆ ಸಾಲಿನಿಂದ ಏನು ನಷ್ಟ, ಹೇಳಿ. ನೀವು ಹೇಗೂ ಮಾಡುತ್ತಿರುವುದನ್ನೇ ಅದರಲ್ಲಿ ಬರೆಯುತ್ತಾರೆ. ನಾಳೆ ನಿಮಗೇ ಏನಾದರೂ ಆಗಿ ಆಸ್ತಿ ಬೇರೆಯವರ ಕೈಗೆ ಹೋದರೆ, ಅಪ್ಪನ ಬಳಿ ತೋರಿಸಲು ಏನಾದರೂ ಇರಬೇಕು ತಾನೇ?

ಎಟಿಎಂ ಕಾರ್ಡಿನ ಮಾತು. ನೀವು ಅಪ್ಪನ ದುಡ್ಡಲ್ಲಿ ಅಪ್ಪನ ಔಷಧಿಯನ್ನೇ ತರುತ್ತಿರಬಹುದು. ಆದರೆ ತಿಂಗಳಿಗೆ ಎಷ್ಟು ಬಂತು, ಎಷ್ಟು ಹೋಯಿತು ಅಂತ ಅವರಿಗೆ ಗೊತ್ತಾ? ಬ್ಯಾಂಕಿನ ಮೆಸೇಜು ಯಾರ ಮೊಬೈಲಿಗೆ ಬರುತ್ತದೆ? ನಮ್ಮ ಬೀದಿಯಲ್ಲಿ ಒಬ್ಬರು ಸಂಧ್ಯಾ ಸುರಕ್ಷಾ ಪಿಂಚಣಿ ಪಡೆಯುತ್ತಿದ್ದರು. ತಿಂಗಳಿಗೆ 1,200 ರೂಪಾಯಿ. ಅದನ್ನೂ ಮಗ ಡ್ರಾ ಮಾಡಿಕೊಂಡು, 'ಸರ್ಕಾರ ನಿಲ್ಲಿಸಿಬಿಟ್ಟಿದೆ' ಎಂದು ಅವರನ್ನು ನಂಬಿಸಿದ್ದ. ಎಲೆ-ಅಡಿಕೆಗೆ ಸೊಸೆ ಮುಂದೆ ಕೈಚಾಚುತ್ತಿದ್ದರು ಆ ತಾಯಿ. ಪಾಸ್‌ಬುಕ್ ಎಂಟ್ರಿ ಹಾಕಿಸಿದ ದಿನವೇ ನಿಜ ಗೊತ್ತಾಗಿದ್ದು.

ಇದು ಒಂದು ಮನೆಯ ಕಥೆಯಲ್ಲ. 2025ರ ಮಾರ್ಚ್‌ನಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಹೇಳಿದ್ದು ನೆನಪಿದೆಯಾ? ಬೆಳಗಾವಿಯ ಸರ್ಕಾರಿ ಆಸ್ಪತ್ರೆ ಬಿಮ್ಸ್ ಒಂದರಲ್ಲೇ 150ಕ್ಕೂ ಹೆಚ್ಚು ಹಿರಿಯರನ್ನು ಮಕ್ಕಳು ಬಿಟ್ಟುಹೋಗಿದ್ದರು. ಹಾಗೆ ಬಿಟ್ಟುಹೋದ ಮಕ್ಕಳ ಮೇಲೆ ದೂರು ಕೊಡಿ, ಆಸ್ತಿ ವರ್ಗಾವಣೆ ರದ್ದು ಮಾಡಿಸಿ ಎಂದರು. ಒಳ್ಳೆಯದು. ಆದರೆ ಆಸ್ಪತ್ರೆ ಬಾಗಿಲಿಗೆ ಬಂದ ಮೇಲೆ ಎಚ್ಚರವಾದರೆ ತಡ. ಅದಕ್ಕೂ ಮೊದಲು ಆ ಜನ ಬ್ಯಾಂಕಿಗೆ, ತಾಲ್ಲೂಕು ಕಚೇರಿಗೆ, ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗಿರುತ್ತಾರಲ್ಲ? ಅಲ್ಲಿ ಒಬ್ಬರಾದರೂ ಕೇಳಬೇಡವೇ? ಎಸಿ ಸಾಹೇಬರಿಗೆ ಜಮೀನಿನ ಫೈಲೇ ತಲೆಮೇಲೆ ಬಂದಿರುತ್ತದೆ. ಅದರ ನಡುವೆ, ಮಕ್ಕಳಿಂದ ಖರ್ಚಿಗೆ ಹಣ ಕೊಡಿಸಿ ಎನ್ನುವ ಮುದುಕರ ಅರ್ಜಿ. ಗೆದ್ದರೂ ಜೀವನಾಂಶ ತಿಂಗಳಿಗೆ 10,000 ರೂಪಾಯಿ ಮೀರುವಂತಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಆ ಮಿತಿ ತೆಗೆಯುವ ಮಸೂದೆ 2019ರಲ್ಲಿ ಲೋಕಸಭೆಗೆ ಬಂತು, ಕಾನೂನಾಗಲೇ ಇಲ್ಲ. ಅಸ್ಸಾಂನವರು ಹೆತ್ತವರನ್ನು ನೋಡಿಕೊಳ್ಳದ ಸರ್ಕಾರಿ ನೌಕರರ ಸಂಬಳದಲ್ಲೇ ಹಣ ಮುರಿದು ಕೊಡುವ ಕಾನೂನನ್ನು 2017ರಲ್ಲೇ ಮಾಡಿದರು. ನಮಗೇನು ಅಡ್ಡಿ?

ಇನ್ನು ನಿಮ್ಮ ತಂಗಿ. ಮದುವೆ ಖರ್ಚನ್ನು ಪಾಲು ಎಂದು ಲೆಕ್ಕ ಹಾಕಬೇಡಿ. ಜಮೀನು ಪಿತ್ರಾರ್ಜಿತವಾಗಿದ್ದರೆ ಹೆಣ್ಣುಮಕ್ಕಳಿಗೂ ಸಮಪಾಲು ಇದೆ, ಪೂರ್ತಿ ನಿಮಗೆ ದಾನ ಮಾಡಲು ಅಪ್ಪನಿಗೂ ಬರುವುದಿಲ್ಲ.

ನನ್ನನ್ನು ಕೇಳಿದರೆ ಈಗ ದಾನಪತ್ರವೇ ಬೇಡ. ಅಪ್ಪ ತಮ್ಮ ಸ್ವಂತ ಆಸ್ತಿಗೆ ಒಂದು ವಿಲ್ ಬರೆದಿಡಲಿ. ಬದುಕಿರುವವರೆಗೆ ಆಸ್ತಿ ಅವರದೇ, ಮನಸ್ಸು ಬದಲಾದರೆ ವಿಲ್ಲನ್ನೂ ಬದಲಾಯಿಸಬಹುದು. ದಾನಪತ್ರವೇ ಆಗಬೇಕು ಅಂದರೆ, ಊಟ, ಔಷಧಿ, ಆಸ್ಪತ್ರೆ ಖರ್ಚು ನಿಮ್ಮದು ಎಂದೂ, ಕೊನೆಯವರೆಗೆ ಅದೇ ಮನೆಯಲ್ಲಿ ಇರುವ ಹಕ್ಕು ಅವರದು ಎಂದೂ ಅದೇ ಪತ್ರದಲ್ಲಿ ಬರೆಸಿ. ವಕೀಲರ ಹತ್ತಿರ ಹೋಗುವಾಗ ತಂಗಿಯನ್ನೂ ಕರೆದುಕೊಂಡು ಹೋಗಿ. ಅಪ್ಪ ಒಬ್ಬರೇ ವಕೀಲರ ಜೊತೆ ಮಾತಾಡಲಿ, ನೀವಿಬ್ಬರೂ ಹೊರಗೆ ಕೂತಿರಿ. ಹಿರಿಯರ ಸಹಾಯವಾಣಿ 14567 ನಂಬರನ್ನು ಅವರ ಮೊಬೈಲಿನಲ್ಲಿ ನೀವೇ ಸೇವ್ ಮಾಡಿಕೊಡಿ. ಕಾರ್ಡನ್ನು ಇವತ್ತೇ ಅವರ ಕೈಗೆ ಕೊಡಿ, ದುಡ್ಡು ಬೇಕಾದಾಗ ಕೇಳಿ ಇಸ್ಕೊಳ್ಳಿ.