ಚೇಂಬರ್ಲಿನ್, ರಸೆಲ್, ಕರಿ: ಬೇರೆ ಬೇರೆ ಕಾಲದ ಬಾಸ್ಕೆಟ್‌ಬಾಲ್ ಆಟಗಾರರನ್ನು ಹೋಲಿಸೋದು ಹೇಗೆ?

ಹಾಸನದಲ್ಲಿ ಸಂಜೆ ಆಟ ಮುಗಿಸಿ ಟೀ ಕುಡಿಯುವಾಗ ನಮ್ಮಲ್ಲೂ ಇದೇ ಜಗಳ: ಎಲ್ಲರಿಗಿಂತ ದೊಡ್ಡ ಬಾಸ್ಕೆಟ್‌ಬಾಲ್ ಆಟಗಾರ ಯಾರು? ಹುಡುಗರು ಈ ಕಾಲದ ಸ್ಟೀಫನ್ ಕರಿ ಅಂತಾರೆ, ನಾನು ಹಳೇ ಕಾಲದ ಬಿಲ್ ರಸೆಲ್ ಅಂತೀನಿ.

ಸುಮ್ನೆ ಪಾಯಿಂಟ್ ಎಣಿಸಿದರೆ ಲೆಕ್ಕ ತಪ್ಪುತ್ತದೆ. 1961-62ರಲ್ಲಿ ವಿಲ್ಟ್ ಚೇಂಬರ್ಲಿನ್ ಪಂದ್ಯಕ್ಕೆ ಸರಾಸರಿ 50.4 ಪಾಯಿಂಟ್ ಗಳಿಸಿದರು. ಇವತ್ತಿಗೂ ಬೇರೆ ಯಾರೂ ಅದರ ಹತ್ತಿರ ಬಂದಿಲ್ಲ. ಆದರೆ ಆಗ ಎನ್‌ಬಿಎಯಲ್ಲಿ (ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್) ಇದ್ದದ್ದೇ 9 ತಂಡ. ಆಟದ ವೇಗ ಜಾಸ್ತಿ, ಹಾಗಾಗಿ ಶಾಟ್‌ಗಳೂ ಜಾಸ್ತಿ, ರೀಬೌಂಡ್‌ಗಳೂ (ತಪ್ಪಿದ ಶಾಟ್‌ನ ಚೆಂಡು ಹಿಡಿಯೋದು) ಜಾಸ್ತಿ. ಮೂರು ಪಾಯಿಂಟಿನ ಗೆರೆ, ಅಂದ್ರೆ ಅದರ ಆಚೆಯಿಂದ ಬುಟ್ಟಿಗೆ ಹಾಕಿದರೆ ಮೂರು ಪಾಯಿಂಟ್ ಸಿಗುವ ಗೆರೆ, ಅಲ್ಲಿಗೆ ಬಂದದ್ದು 1979-80ರಲ್ಲಿ. 2015-16ರಲ್ಲಿ ಕರಿ ಹೊಡೆದ 402 ತ್ರೀಗಳನ್ನು (ಮೂರು ಪಾಯಿಂಟಿನ ಶಾಟ್‌ಗಳನ್ನು) ಹಳಬರ ಜೊತೆ ಹೇಗೆ ತೂಗೋದು?

ರಸೆಲ್ ವಿಷಯದಲ್ಲಂತೂ ನನಗೆ ಬೇಜಾರೇ ಆಗುತ್ತದೆ. ಅವರ ದೊಡ್ಡ ಶಕ್ತಿ ಬ್ಲಾಕ್, ಅಂದ್ರೆ ಎದುರಾಳಿಯ ಶಾಟನ್ನು ಕೈಯಿಂದ ತಡೆಯೋದು. ಎನ್‌ಬಿಎ ಬ್ಲಾಕ್ ಲೆಕ್ಕ ಇಡಲು ಶುರು ಮಾಡಿದ್ದು 1973-74ರಲ್ಲಿ, ಅವರು ಆಟ ಬಿಟ್ಟದ್ದು 1969ರಲ್ಲಿ!

ನಮ್ಮ ಮಣ್ಣಿನ ಕೋರ್ಟನ್ನೇ ನೋಡಿ. ಮಳೆ ಬಂದ ಮರುದಿನ ಚೆಂಡು ಮೊಣಕಾಲಿನವರೆಗೂ ಏಳಲ್ಲ. ಚೆನ್ನಾಗಿ ಡ್ರಿಬಲ್ ಮಾಡುವವನು (ಚೆಂಡು ಪುಟಿಸುತ್ತಾ ಓಡುವವನು) ಅವತ್ತು ಪಾಸ್ ಮಾಡಲೇಬೇಕು. ಅವನು ಕೆಟ್ಟ ಆಟಗಾರ ಅಂತ ಅಲ್ಲ ಅಲ್ವಾ? ನೆಲ ಬೇರೆ, ಅಷ್ಟೇ.

ಹಾಗಾಗಿ ನಾನು ಕೇಳೋದು ಒಂದೇ: ತನ್ನ ಕಾಲದ ನಿಯಮದಲ್ಲಿ, ತನ್ನ ಜೊತೆಯವರಿಗಿಂತ ಅವನು ಎಷ್ಟು ಮುಂದಿದ್ದ? 13 ಸೀಸನ್‌ಗಳಲ್ಲಿ 11 ಚಾಂಪಿಯನ್‌ಷಿಪ್ ಗೆದ್ದ ರಸೆಲ್ ನನ್ನ ಪಟ್ಟಿಯಲ್ಲಿ ಮೊದಲು ಬರೋದು ಅದಕ್ಕೇ.