ಅದೇ 29 ಡಿಗ್ರಿ, ಇವತ್ತು ಮಾತ್ರ ಯಾಕಿಷ್ಟು ಸೆಕೆ?

ಪ್ರಶ್ನೆ: ಮೊನ್ನೆ ನಮ್ಮ ಕೋಣೆಯಲ್ಲಿ 29 ಡಿಗ್ರಿ ಇತ್ತು, ಹಾಯಾಗಿತ್ತು. ಇವತ್ತೂ 29 ಡಿಗ್ರಿಯೇ, ಆದರೆ ಮೈಯೆಲ್ಲ ಅಂಟಂಟು. ಏಸಿಯನ್ನು 20ಕ್ಕೆ ಇಳಿಸಿದರೆ ಚಳಿಯಾಗುತ್ತದೆ, ಜಿಗುಟು ಮಾತ್ರ ಹೋಗುವುದಿಲ್ಲ. ಥರ್ಮಾಮೀಟರ್ ಕೆಟ್ಟಿದೆಯಾ?

ಉತ್ತರ: ಥರ್ಮಾಮೀಟರ್ ಸರಿಯಾಗಿಯೇ ಇದೆ. ಅದು ಗಾಳಿಯ ಬಿಸಿಯನ್ನಷ್ಟೇ ಅಳೆಯುತ್ತದೆ. ಗಾಳಿಯಲ್ಲಿ ನೀರು ಎಷ್ಟಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ನಿಮ್ಮ ಮೈಗೆ ಗೊತ್ತಾಗುತ್ತದೆ.

ಬೆವರು ಆರುವಾಗ ಮೈಯ ಬಿಸಿಯನ್ನು ಹೊತ್ತೊಯ್ಯುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಲು ಬೇಕಾದ ಬಿಸಿ ಎಷ್ಟು ಗೊತ್ತಾ? ಅಷ್ಟರಲ್ಲಿ 20 ಡಿಗ್ರಿಯ ಸುಮಾರು 7 ಲೀಟರ್ ನೀರು ಕುದಿಯುವ ಹಂತಕ್ಕೆ ಬರುತ್ತದೆ! ಆದರೆ ಗಾಳಿಯಲ್ಲಿ ಆಗಲೇ ನೀರಿನ ಆವಿ ತುಂಬಿದ್ದರೆ ಬೆವರು ಬೇಗ ಆರುವುದಿಲ್ಲ, ಚರ್ಮದ ಮೇಲೇ ನಿಲ್ಲುತ್ತದೆ. ಆ ಅಂಟಂಟು ಅದೇ.

ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆ ಅಂದುಕೊಳ್ಳಿ. 29 ಡಿಗ್ರಿಯಲ್ಲಿ ತೇವಾಂಶ ಶೇ 40 ಇದ್ದರೆ ಅದರ ಗಾಳಿಯಲ್ಲಿ ಸುಮಾರು 325 ಗ್ರಾಂ ನೀರಿರುತ್ತದೆ. ಶೇ 80 ಆದರೆ 650 ಗ್ರಾಂ. ಕಣ್ಣಿಗೆ ಕಾಣದ ಈ ನೀರೇ ನಿಮ್ಮನ್ನು ಕಾಡುತ್ತಿರುವುದು.

ಇನ್ನು ಏಸಿ. ಅದರೊಳಗಿನ ತಣ್ಣನೆಯ ಕಾಯಿಲ್ ಮೇಲೆ ಆವಿ ನೀರಾಗಿ, ಪೈಪಿನಲ್ಲಿ ಹೊರಗೆ ಹೋಗುತ್ತದೆ. ಕೋಣೆಗೆ ಹೋಲಿಸಿದರೆ ಏಸಿ ತುಂಬಾ ದೊಡ್ಡದಿದ್ದರೆ ಗಾಳಿ ಬೇಗ ತಣ್ಣಗಾಗಿ, ಕಂಪ್ರೆಸರ್ ನಿಂತುಬಿಡುತ್ತದೆ. ನೀರು ಹಿಂಡಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಆಮೇಲೂ ಏಸಿಯ ಫ್ಯಾನ್ ತಿರುಗುತ್ತಿದ್ದರೆ ಕಾಯಿಲ್ ಮೇಲಿನ ತೇವ ವಾಪಸ್ ಕೋಣೆಗೇ ಬರುತ್ತದೆ. ಆಗ ಚಳಿಯೂ ಇರುತ್ತದೆ, ಜಿಗುಟೂ ಇರುತ್ತದೆ.

ಹಾಗಾಗಿ ಸುಮ್ನೆ 20ಕ್ಕೆ ಇಳಿಸಬೇಡಿ. 25–26ರಲ್ಲಿಟ್ಟು, ಏಸಿಯ ಫ್ಯಾನ್ ನಿಧಾನ ಮಾಡಿ, ಅಥವಾ ಡ್ರೈ ಮೋಡ್ ಹಾಕಿ. ಜೊತೆಗೆ ಸೀಲಿಂಗ್ ಫ್ಯಾನ್ ಓಡಲಿ. ಮೈಗೆ ಅಂಟಿಕೊಂಡ ತೇವದ ಗಾಳಿಯನ್ನು ಅದು ಸರಿಸುತ್ತದೆ, ಬೆವರು ಬೇಗ ಆರುತ್ತದೆ. ಒದ್ದೆ ಬಟ್ಟೆಯನ್ನು ಕೋಣೆಯೊಳಗೆ ಒಣಹಾಕಬೇಡಿ. ನೀರಿನ ಕೂಲರ್ ಅಂತೂ ಇಂಥ ದಿನ ಬೇಡವೇ ಬೇಡ, ತೇವ ಇನ್ನೂ ಜಾಸ್ತಿಯಾಗುತ್ತದೆ.

ಗಾಳಿಯ ತೇವಾಂಶ ಅಳೆಯುವ ಒಂದು ಹೈಗ್ರೊಮೀಟರ್ ಇಟ್ಟುಕೊಳ್ಳಿ. ತೇವಾಂಶ ಶೇ 40ರಿಂದ 60ರೊಳಗಿದ್ದರೆ ಒಳ್ಳೆಯದು. ತೀರಾ ಕಡಿಮೆಯಾದರೂ ಗಂಟಲು, ಕಣ್ಣು ಒಣಗುತ್ತವೆ. ಮತ್ತೆ, ಏಸಿ ಹಾಕಿ ಅರ್ಧ ಗಂಟೆಯಾದ ಮೇಲೆ ಹೊರಗಿನ ಪೈಪ್ ನೋಡಿ. ಇಷ್ಟು ಸೆಕೆಯ ದಿನವೂ ಅದರಿಂದ ನೀರು ತೊಟ್ಟಿಕ್ಕುತ್ತಿಲ್ಲ ಅಂದರೆ ಮೆಕ್ಯಾನಿಕ್‌ಗೆ ತೋರಿಸಿ.