ಡ್ಯಾಂಡೆಲಿಯನ್ ಸೊಪ್ಪಿನ ಕಹಿ ಮತ್ತು ಉಳಿದ ಪ್ರಶ್ನೆಗಳು

ಪ್ರಶ್ನೆ: ಹುಲ್ಲುಹಾಸಿನ ತುಂಬ ಡ್ಯಾಂಡೆಲಿಯನ್ ಎಂಬ ಕಳೆಗಿಡ ಎದ್ದಿದೆ. ತಿನ್ನಬಹುದು ಅಂತ ಓದಿ, ಒಂದು ಬುಟ್ಟಿ ಎಲೆ ಕಿತ್ತು ಪಾಲಕ್ ಥರ ಎಣ್ಣೆಯಲ್ಲಿ ಬಾಡಿಸಿದೆ. ಬಾಯಿಗಿಡಲು ಆಗಲಿಲ್ಲ, ಅಷ್ಟು ಕಹಿ. ಎಲ್ಲಿ ತಪ್ಪಿದೆ?

ಕಿತ್ತಾಗ ಗಿಡದಲ್ಲಿ ಹಳದಿ ಹೂವು ಇತ್ತಾ? ಇದ್ದಿರಬೇಕು. ಹೂವಿಲ್ಲದಿದ್ದರೆ ಈ ಗಿಡ ಯಾರ ಕಣ್ಣಿಗೂ ಬೀಳುವುದೇ ಇಲ್ಲ. ಮೊದಲ ಸಲ ಎಲ್ಲರೂ ಎಡವುವುದು ಇಲ್ಲೇ. ಹೂವು ಕಂಡಮೇಲೆ ಎಲೆ ಕೀಳಲು ಹೋಗುತ್ತೇವೆ, ಅಷ್ಟರಲ್ಲಿ ಎಲೆ ಬಲಿತು ಕಹಿ ಏರಿರುತ್ತದೆ. ಸೊಪ್ಪಿಗೆ ಬೇಕಾದದ್ದು ಮೊಗ್ಗು ಬರುವ ಮುಂಚಿನ ಎಳೆ ಎಲೆ. ಗಿಡ ಬಲಿತಿದ್ದರೂ ನಟ್ಟನಡುವೆ ಹೊಸದಾಗಿ ಚಿಗುರಿದ ಚಿಕ್ಕ ಎಲೆಗಳನ್ನು ಮಾತ್ರ ಆರಿಸಿಕೊಳ್ಳಬಹುದು. ಹೊರಸುತ್ತಿನ ದೊಡ್ಡ ಎಲೆಗಳನ್ನು ಬಿಟ್ಟುಬಿಡಿ. ಬಿಸಿಲಲ್ಲಿ ಬೆಳೆದದ್ದಕ್ಕಿಂತ ನೆರಳಲ್ಲಿ ಬೆಳೆದ ಎಲೆಯ ಕಹಿ ಕಡಿಮೆ.

ತಾಳ್ಮೆ ಇದ್ದರೆ ಇನ್ನೊಂದು ಉಪಾಯವಿದೆ. ಒಂದು ಗಿಡದ ಮೇಲೆ ಮಣ್ಣಿನ ಕುಂಡವನ್ನು ಬೋರಲು ಹಾಕಿ. ಕುಂಡದ ತಳದ ತೂತನ್ನೂ ಕಲ್ಲಿಟ್ಟು ಮುಚ್ಚಿ. ವಾರ, ಹತ್ತು ದಿನ ಬಿಟ್ಟು ಎತ್ತಿ ನೋಡಿದರೆ ಎಲೆ ಬಿಳಿಚಿಕೊಂಡು ತಿಳಿಹಳದಿಯಾಗಿರುತ್ತದೆ. ಮೃದುವಾಗಿಯೂ ಇರುತ್ತದೆ, ಕಹಿಯೂ ಅರ್ಧಕ್ಕರ್ಧ ಇಳಿದಿರುತ್ತದೆ. ಫ್ರಾನ್ಸ್‌ನಲ್ಲಿ ಇದನ್ನು ತರಕಾರಿಯಾಗಿಯೇ ಬೆಳೆಯುವವರು ಹೀಗೆ ಬೆಳಕು ತಡೆದು ಬೆಳೆಸುವುದುಂಟು.

ಈಗ ಅಡುಗೆಯ ವಿಷಯ. ಪಾಲಕ್ ಥರ ನೇರವಾಗಿ ಬಾಣಲೆಗೆ ಹಾಕಿದ್ದು ಎರಡನೇ ತಪ್ಪು. ದೊಡ್ಡ ಪಾತ್ರೆಯಲ್ಲಿ ಜಾಸ್ತಿ ನೀರು ಕುದಿಸಿ, ಉಪ್ಪು ಹಾಕಿ, ಎಲೆಯನ್ನು ಎರಡು ಮೂರು ನಿಮಿಷ ಬೇಯಿಸಿ. ನೀರು ಬಸಿದು ತಣ್ಣೀರಿಗೆ ಹಾಕಿ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಗಟ್ಟಿಯಾಗಿ ಹಿಂಡಿ. ಹಸಿರು ನೀರು ಬೆರಳ ಸಂದಿಯಿಂದ ಇಳಿಯುತ್ತದೆ, ಬುಟ್ಟಿ ತುಂಬ ಇದ್ದ ಸೊಪ್ಪು ಒಂದು ಮುಷ್ಟಿಯಷ್ಟಾಗುತ್ತದೆ. ಕಹಿ ಬಹುಪಾಲು ಆ ನೀರಿನ ಜೊತೆ ಹೋಯಿತು. ಸ್ವಲ್ಪ ವಿಟಮಿನ್ ಸಿ ಕೂಡ ಹೋಯಿತು, ಸುಳ್ಳು ಯಾಕೆ ಹೇಳಲಿ. ಆದರೆ ತಟ್ಟೆಯಲ್ಲೇ ಉಳಿದ ಸೊಪ್ಪಿನ ವಿಟಮಿನ್ನಿನಿಂದ ಯಾರಿಗೇನು ಲಾಭ?

ಹಿಂಡಿದ ಮುದ್ದೆಯನ್ನು ಹೆಚ್ಚಿ, ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಬಾಡಿಸಿ, ಅದಕ್ಕೆ ಸೊಪ್ಪು ಸೇರಿಸಿ ಎರಡು ನಿಮಿಷ ತಿರುವಿ. ಇಳಿಸಿದ ಮೇಲೆ ನಿಂಬೆರಸ. ಎಣ್ಣೆ, ಹುಳಿ, ಉಪ್ಪು ಮೂರರಲ್ಲಿ ಒಂದು ಕಡಿಮೆಯಾದರೂ ಕಹಿ ಮುಂದೆ ಬಂದು ನಿಲ್ಲುತ್ತದೆ. ಗ್ರೀಸಿನವರು ಕಾಡುಸೊಪ್ಪುಗಳನ್ನು ಹೀಗೇ ಬೇಯಿಸಿ, ಆಲಿವ್ ಎಣ್ಣೆ, ನಿಂಬೆರಸ ಸುರಿದು ತಿನ್ನುತ್ತಾರೆ. ಹಸಿಯಾಗಿ ತಿನ್ನುವುದಾದರೆ ಒಂದು ಪಾಲು ಈ ಎಲೆಗೆ ಮೂರು ಪಾಲು ಕಹಿಯಿಲ್ಲದ ಬೇರೆ ಸೊಪ್ಪು ಸೇರಿಸಿ. ಜೊತೆಗೆ ಬೇಯಿಸಿದ ಮೊಟ್ಟೆ ಇದ್ದರೆ ಚೆನ್ನ, ಹಳದಿ ಭಾಗ ಕಹಿಯನ್ನು ಒರೆಸಿದ ಹಾಗೆ ತೆಗೆಯುತ್ತದೆ.

ಪೂರ್ತಿ ಕಹಿ ತೆಗೆಯಲು ಹೋಗಬೇಡಿ ಅಂತಲೂ ಹೇಳಿಬಿಡುತ್ತೇನೆ. ನಾನೊಮ್ಮೆ ಮೂರು ಸಲ ನೀರು ಬದಲಿಸಿ ಬೇಯಿಸಿದ್ದೆ. ಕಹಿ ಹೋಯಿತು, ಜೊತೆಗೆ ಸೊಪ್ಪೂ ಹೋಯಿತು. ಉಳಿದದ್ದು ಒದ್ದೆ ಬಟ್ಟೆ ಅಗಿದ ಹಾಗಿತ್ತು.

ಪ್ರಶ್ನೆ: ಹಳದಿ ಹೂವಿನ ಗಿಡಗಳೆಲ್ಲ ನನಗೆ ಒಂದೇ ಥರ ಕಾಣುತ್ತವೆ. ಇದು ಡ್ಯಾಂಡೆಲಿಯನ್ ಹೌದೋ ಅಲ್ಲವೋ ಅಂತ ಖಚಿತವಾಗಿ ತಿಳಿಯುವುದು ಹೇಗೆ?

ಒಳ್ಳೆಯ ಪ್ರಶ್ನೆ, ಮತ್ತು ಬಾಣಲೆ ಒಲೆ ಮೇಲಿಡುವ ಮುಂಚೆ ಕೇಳಬೇಕಾದ ಪ್ರಶ್ನೆ.

ಹೂವಿನ ದೇಟಿನಿಂದ ಶುರುಮಾಡಿ. ಡ್ಯಾಂಡೆಲಿಯನ್‌ನಲ್ಲಿ ಒಂದು ದೇಟಿಗೆ ಒಂದೇ ಹೂವು. ದೇಟು ಕವಲೊಡೆಯುವುದಿಲ್ಲ, ಅದರ ಮೇಲೆ ಎಲೆ ಇರುವುದಿಲ್ಲ. ಮುರಿದರೆ ಒಳಗೆ ಕೊಳವೆಯ ಹಾಗೆ ಟೊಳ್ಳು, ಮುರಿದ ಕಡೆ ಬಿಳಿ ಹಾಲು. ಎಲೆಗಳೆಲ್ಲ ನೆಲಮಟ್ಟದಲ್ಲಿ ಒಂದೇ ಬಿಂದುವಿನಿಂದ ಸುತ್ತಲೂ ಹರಡಿರುತ್ತವೆ. ಎಲೆಯಂಚಿನ ಹಲ್ಲುಗಳು ಬುಡದ ಕಡೆಗೆ ತಿರುಗಿರುತ್ತವೆ. ಫ್ರೆಂಚರು ಇದನ್ನು ಸಿಂಹದ ಹಲ್ಲು, ಅಂದರೆ 'ದಾಂ ದ ಲಿಯೋಂ' ಎಂದು ಕರೆದದ್ದು ಆ ಅಂಚು ನೋಡಿಯೇ. ಡ್ಯಾಂಡೆಲಿಯನ್ ಎಂಬ ಹೆಸರು ಅಲ್ಲಿಂದ ಬಂತು. ಎಲೆಯನ್ನು ಕೆನ್ನೆಗೆ ತಾಗಿಸಿ ನೋಡಿ, ನುಣುಪಾಗಿರಬೇಕು.

ಕೂದಲು ಚುಚ್ಚಿದರೆ ಅದು ಕ್ಯಾಟ್ಸ್ ಇಯರ್ ಎಂಬ ಬೇರೆ ಗಿಡ ಇರಬಹುದು. ಅದರ ದೇಟು ಗಟ್ಟಿ, ಕವಲೂ ಒಡೆಯುತ್ತದೆ. ತಿಂದರೆ ಅಪಾಯವೇನಿಲ್ಲ. ಸೋ ಥಿಸಲ್ ಎಂಬ ಇನ್ನೊಂದು ಗಿಡದಲ್ಲಿ ಕಾಂಡದ ಮೇಲೂ ಎಲೆ, ತುದಿಯಲ್ಲಿ ಹೂವಿನ ಗೊಂಚಲು. ಅದೂ ತಿನ್ನುವ ಗಿಡವೇ. ಹುಷಾರಾಗಿರಬೇಕಾದದ್ದು ರಾಗ್‌ವರ್ಟ್ ಬಗ್ಗೆ. ಅದರಲ್ಲಿ ಲಿವರ್ ಹಾಳುಮಾಡುವ ವಿಷವಿದೆ. ಹೂವು ಬಿಡುವ ಮುಂಚೆ ಅದರ ಎಲೆಗಳೂ ನೆಲದ ಮೇಲೆ ಸುತ್ತಲೂ ಹರಡಿರುತ್ತವೆ. ಆದರೆ ಮುರಿದರೆ ಹಾಲು ಬರುವುದಿಲ್ಲ. ಹಾಗಂತ ಹಾಲು ಬಂದದ್ದೆಲ್ಲ ಡ್ಯಾಂಡೆಲಿಯನ್ ಅಲ್ಲ, ಯೂಫೋರ್ಬಿಯಾ ಜಾತಿಯ ಗಿಡಗಳಲ್ಲೂ ಹಾಲಿದೆ, ಅದು ಚರ್ಮ ಸುಡುವಂಥದ್ದು. ಹಾಗಾಗಿ ಒಂದೇ ಗುರುತು ನೋಡಿ ನಿರ್ಧರಿಸಬೇಡಿ. ಟೊಳ್ಳು ದೇಟು, ಒಂಟಿ ಹೂವು, ಹಾಲು, ನುಣುಪು ಎಲೆ, ಇಷ್ಟೂ ಒಟ್ಟಿಗೆ ಇರಬೇಕು. ಈ ವರ್ಷ ಹೂವಿನ ಸಮಯದಲ್ಲಿ ಗಿಡ ಗುರುತು ಮಾಡಿಟ್ಟುಕೊಂಡರೆ ಮುಂದಿನ ಸಲ ಎಳೆ ಎಲೆ ಕೀಳುವಾಗ ಅನುಮಾನವೇ ಇರುವುದಿಲ್ಲ. ಬುಡ ಅಲ್ಲೇ ಇರುತ್ತದೆ, ಎಲ್ಲೂ ಓಡಿಹೋಗುವುದಿಲ್ಲ.

ರಸ್ತೆ ಪಕ್ಕದ್ದು, ಕಳೆನಾಶಕ ಹೊಡೆದ ಜಾಗದ್ದು, ನಾಯಿ ಓಡಾಡುವ ಜಾಗದ್ದು ಬೇಡ. ಕೆಲವು ಕಳೆನಾಶಕ ಬಿದ್ದರೆ ಗಿಡದ ದೇಟು ಹಾವಿನ ಹಾಗೆ ತಿರುಚಿಕೊಂಡಿರುತ್ತದೆ. ಹಾಗೆ ಕಂಡರೆ ಆ ಜಾಗವನ್ನೇ ಬಿಟ್ಟುಬಿಡಿ.

ಪ್ರಶ್ನೆ: ಡ್ಯಾಂಡೆಲಿಯನ್ ಟೀ ಕುಡಿದರೆ ಲಿವರ್ ಶುದ್ಧವಾಗುತ್ತದೆ, ಕಾಲಿನ ಬಾವು ಇಳಿಯುತ್ತದೆ ಎಂದು ಯಾರೋ ಹೇಳಿದ್ದಾರೆ. ನನ್ನ ಅಮ್ಮ ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ, ನೀರು ಹೋಗುವ ಮಾತ್ರೆ ಎರಡೂ ತೆಗೆದುಕೊಳ್ಳುತ್ತಾರೆ. ದಿನಾ ಕುಡಿಯಲು ಶುರುಮಾಡಿದ್ದಾರೆ. ಪರವಾಗಿಲ್ವಾ?

ಇವತ್ತೇ ನಿಲ್ಲಿಸಲು ಹೇಳಿ. ಕಾರಣ ಆಮೇಲೆ ಓದಿ.

ಮೊದಲನೆಯದು ವಿಟಮಿನ್ ಕೆ. 100 ಗ್ರಾಂ ಹಸಿ ಡ್ಯಾಂಡೆಲಿಯನ್ ಸೊಪ್ಪಿನಲ್ಲಿ ಸುಮಾರು 778 ಮೈಕ್ರೋಗ್ರಾಂ ವಿಟಮಿನ್ ಕೆ ಇದೆ, ಪಾಲಕ್‌ಗಿಂತ ಎಷ್ಟೋ ಹೆಚ್ಚು. ರಕ್ತ ಹೆಪ್ಪುಗಟ್ಟಲು ಬೇಕಾಗುವ ವಿಟಮಿನ್ ಅದು. ವಾರ್ಫರಿನ್ ಥರದ ಮಾತ್ರೆ ಕೆಲಸ ಮಾಡುವುದು ಅದನ್ನು ತಡೆದೇ. ಮಾತ್ರೆ ಒಂದು ಕಡೆ ಎಳೆಯುತ್ತದೆ, ಸೊಪ್ಪು ಇನ್ನೊಂದು ಕಡೆ. ಟೀಗಿಂತ ಸೊಪ್ಪು ತಿಂದಾಗಲೇ ಇದು ಜಾಸ್ತಿ. ಆದರೂ ಟೀಗೆ ಬಂದವರು ಸೊಪ್ಪಿಗೂ ಬರುತ್ತಾರೆ, ಅಲ್ವಾ?

ಎರಡನೆಯದು ಮೂತ್ರ. ಫ್ರೆಂಚರಲ್ಲಿ ಈ ಗಿಡಕ್ಕೆ ಇನ್ನೊಂದು ಹೆಸರಿದೆ, 'ಪಿಸಾಂಲಿ'. ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವುದು ಅಂತ ಅರ್ಥ. ಹಳಬರು ಸುಮ್ನೆ ಹೆಸರಿಡಲಿಲ್ಲ. 2009ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನದಲ್ಲಿ 17 ಜನರಿಗೆ ಒಂದು ದಿನ ಎಲೆಯ ಸಾರ ಕೊಟ್ಟು ನೋಡಿದಾಗ, ಮೊದಲ ಡೋಸಿನ ನಂತರದ ಐದು ಗಂಟೆಗಳಲ್ಲಿ ಅವರು ಮೂತ್ರಕ್ಕೆ ಹೋಗುವುದು ಹೆಚ್ಚಿತ್ತು. ಹದಿನೇಳೇ ಜನ, ಒಂದೇ ದಿನ, ಅಷ್ಟರಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು. ಆದರೆ ನಿಮ್ಮ ಅಮ್ಮ ಆಗಲೇ ನೀರು ಹೋಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಅದರ ಮೇಲೆ ಇದೂ ಸೇರಿದರೆ ಉಪ್ಪಿನಂಶ, ಪೊಟ್ಯಾಸಿಯಂ ಲೆಕ್ಕ ತಪ್ಪಬಹುದು. ಎಲೆಯಲ್ಲೇ ಪೊಟ್ಯಾಸಿಯಂ ಬೇರೆ ಇದೆ, 100 ಗ್ರಾಂಗೆ ಸುಮಾರು 397 ಮಿಲಿಗ್ರಾಂ. ಕಿಡ್ನಿ ಸರಿಯಿಲ್ಲದವರಿಗೂ, ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರಿಗೂ ಇದೇ ಕಾರಣಕ್ಕೆ ಬೇಡ ಎನ್ನುತ್ತೇನೆ. ಕಾಲಿನ ಬಾವು ಹೃದಯದ ಸುದ್ದಿ ಹೇಳುತ್ತಿರಬಹುದು. ಅದನ್ನು ವೈದ್ಯರು ನೋಡಲಿ. ಟೀ ಕುಡಿಯುತ್ತಿದ್ದ ವಿಷಯವನ್ನೂ ಅವರಿಗೆ ಮುಚ್ಚಿಡದೆ ಹೇಳಿ.

ಇನ್ನು ಲಿವರ್ ಶುದ್ಧಿ. ಲಿವರ್ ಪಾತ್ರೆಯಲ್ಲ, ತಿಕ್ಕಿ ತೊಳೆಯಲು. ಆದರೆ ಈ ಮಾತಿನ ಬೇರು ಹಳೆಯದು. ಹತ್ತನೇ ಶತಮಾನದ ಹೊತ್ತಿಗೇ ಅರಬ್ ವೈದ್ಯರು ಇದನ್ನು ಬಳಸುತ್ತಿದ್ದರು. ಟರಾಕ್ಸಾಕಂ ಎಂಬ ಶಾಸ್ತ್ರೀಯ ಹೆಸರು ಅವರ ಮಾತಿನಿಂದಲೇ ಬಂದದ್ದು ಎನ್ನುತ್ತಾರೆ. ಚೀನೀ ವೈದ್ಯದಲ್ಲಿ ಇದರ ಸೋದರ ಜಾತಿಗೆ 'ಪು ಗಾಂಗ್ ಯಿಂಗ್' ಎಂದು ಹೆಸರು, ಬಾಣಂತಿಯರ ಮೊಲೆ ಬಾವಿಗೆ ಅದನ್ನು ಕೊಡುತ್ತಿದ್ದರು. ಯುರೋಪಿನಲ್ಲಿ ಹಸಿವಿಲ್ಲದಿದ್ದರೆ, ಹೊಟ್ಟೆ ಭಾರವಾದರೆ ಇದರ ಬೇರು. ಕಹಿ ನಾಲಿಗೆಗೆ ತಾಗಿದರೆ ಬಾಯಲ್ಲಿ ನೀರೂರುತ್ತದೆ, ಹೊಟ್ಟೆ ಕೆಲಸಕ್ಕೆ ಎದ್ದು ಕೂರುತ್ತದೆ. ಯುರೋಪಿನ ಔಷಧ ಸಂಸ್ಥೆ ಇಎಂಎ ಇವತ್ತಿಗೂ ಇದನ್ನು ಒಪ್ಪುವುದು ಇಷ್ಟಕ್ಕೇ: ಹಸಿವಿಲ್ಲದಿರುವಿಕೆ, ಸಣ್ಣಪುಟ್ಟ ಅಜೀರ್ಣ, ಮೂತ್ರ ಹೆಚ್ಚಿಸುವುದು. ಅದೂ ಬಹುಕಾಲದ ಬಳಕೆಯ ಆಧಾರದ ಮೇಲೆ, ಪರೀಕ್ಷೆ ಮಾಡಿ ಸಾಬೀತಾದದ್ದು ಅಂತಲ್ಲ. 12 ವರ್ಷದೊಳಗಿನ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಔಷಧಿಯಾಗಿ ಬೇಡ ಎಂದೂ ಅದು ಹೇಳುತ್ತದೆ. ಪಿತ್ತಕೋಶದಲ್ಲಿ ಕಲ್ಲಿರುವವರು, ಪಿತ್ತನಾಳ ಕಟ್ಟಿರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಸೇವಂತಿಗೆ, ಸೂರ್ಯಕಾಂತಿ ಜಾತಿಯ ಗಿಡಗಳು ಅಲರ್ಜಿ ಆಗುವವರೂ ದೂರವಿರಿ, ಇದು ಅದೇ ಕುಟುಂಬ.

ಯಾವ ಮಾತ್ರೆಯೂ ಇಲ್ಲದ ಆರೋಗ್ಯವಂತರು ಇದನ್ನು ಸೊಪ್ಪಾಗಿ ತಿನ್ನಲಿ, ಅಷ್ಟು ಸಾಕು. 100 ಗ್ರಾಂನಲ್ಲಿ 187 ಮಿಲಿಗ್ರಾಂ ಕ್ಯಾಲ್ಸಿಯಂ, 3 ಮಿಲಿಗ್ರಾಂ ಕಬ್ಬಿಣ ಇದೆ. ನಾನು ಡ್ಯಾಂಡೆಲಿಯನ್ ಕ್ಯಾಪ್ಸೂಲ್ ಯಾರಿಗೂ ಹೇಳುವುದಿಲ್ಲ. ಕಹಿಯೇ ಕೆಲಸ ಮಾಡುವುದಾದರೆ, ಅದನ್ನು ನಾಲಿಗೆಗೆ ತಾಗದ ಹಾಗೆ ಪ್ಲಾಸ್ಟಿಕ್‌ನಂಥ ಕೋಶದಲ್ಲಿಟ್ಟು ನುಂಗುವುದು ನನಗಂತೂ ತಮಾಷೆಯಾಗಿ ಕಾಣುತ್ತದೆ.

ಪ್ರಶ್ನೆ: ಬೇರಿನಿಂದ ಕಾಫಿ ಮಾಡುತ್ತಾರಂತೆ. ನಿಜಕ್ಕೂ ಕಾಫಿ ಥರ ಇರುತ್ತದಾ?

ಕಾಫಿ ಕುಡಿಯುವವರಿಗೆ ಹೇಳುವುದಾದರೆ, ಇರುವುದಿಲ್ಲ. ಕೆಫೀನ್ ಇಲ್ಲ, ಕಿಕ್ ಇಲ್ಲ. ಆದರೆ ಬಣ್ಣ, ಹುರಿದ ಪರಿಮಳ, ಕೊನೆಯ ಕಹಿ ಇದೆ. ಚಿಕೋರಿ ಹಿಡಿಸುವವರಿಗೆ ಇದೂ ಹಿಡಿಸುತ್ತದೆ.

ಬೇರು ಅಗೆಯುವುದು ಚಳಿಗಾಲಕ್ಕೆ ಮುಂಚೆ. ಗಿಡ ಮುಂದಿನ ವರ್ಷಕ್ಕೆಂದು ಇನುಲಿನ್ ಎಂಬ ಪಿಷ್ಟದಂಥ ವಸ್ತುವನ್ನು ಬೇರಲ್ಲಿ ಕೂಡಿಡುತ್ತದೆ. ವಸಂತದಲ್ಲಿ ಒಣಬೇರಿನ 2 ಶೇಕಡಾ ಇರುವ ಇನುಲಿನ್ ಆ ಹೊತ್ತಿಗೆ 40 ಶೇಕಡಾ ತನಕ ಏರುತ್ತದೆ. ಹುರಿದಾಗ ಸಿಹಿ, ಬಣ್ಣ ಎರಡೂ ಬರುವುದು ಅದರಿಂದಲೇ. ತಾಯಿಬೇರು ಆಳಕ್ಕೆ ಇಳಿದಿರುತ್ತದೆ, ಎಳೆದರೆ ತುಂಡಾಗುತ್ತದೆ. ಮಳೆ ಬಂದ ಮರುದಿನ ಉದ್ದ ಸಲಾಕೆಯಿಂದ ಸುತ್ತಲೂ ಮಣ್ಣು ಸಡಿಲಿಸಿ ತೆಗೆಯಿರಿ. ತುಂಡು ಉಳಿದರೆ ಮತ್ತೆ ಚಿಗುರುತ್ತದೆ. ಕಳೆ ತೆಗೆಯುವವರಿಗೆ ಅದು ಕೆಟ್ಟ ಸುದ್ದಿ, ನಿಮಗೆ ಒಳ್ಳೆಯದು.

ಬ್ರಷ್ ಹಾಕಿ ಉಜ್ಜಿ ತೊಳೆದು, ಒಂದೇ ಅಳತೆಗೆ ಸಣ್ಣಗೆ ಹೆಚ್ಚಿ, ಮುರಿದರೆ ಟಕ್ ಎನ್ನುವ ತನಕ ಒಣಗಿಸಿ. ಆಮೇಲೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಮೊದಲು ಮಣ್ಣಿನ ವಾಸನೆ ಬರುತ್ತದೆ. ಆಮೇಲೆ ಬ್ರೆಡ್ ಸುಟ್ಟಂತೆ, ಕೊನೆಗೆ ಕೋಕೋ ವಾಸನೆ. ಆಗ ಇಳಿಸಿ. ಕೋಕೋ ವಾಸನೆಗೂ ಸೀದ ವಾಸನೆಗೂ ನಡುವೆ ಒಂದೇ ನಿಮಿಷ, ಫೋನು ಬಂದರೂ ಕದಲಬೇಡಿ. ಪುಡಿ ಮಾಡಿ, ಒಂದು ಲೋಟ ನೀರಿಗೆ ಒಂದೂವರೆ ಚಮಚ ಹಾಕಿ ಐದಾರು ನಿಮಿಷ ಕುದಿಸಿ ಸೋಸಿ. ಮೊದಲ ದಿನವೇ ಮೂರು ಲೋಟ ಕುಡಿಯಬೇಡಿ. ಇನುಲಿನ್ ಅಭ್ಯಾಸವಿಲ್ಲದ ಹೊಟ್ಟೆಯಲ್ಲಿ ಗ್ಯಾಸ್ ತುಂಬುತ್ತದೆ.

ಪ್ರಶ್ನೆ: ಹೂವಿನಿಂದ ಜೇನಿನಂಥ ಪಾಕ ಮಾಡಿದೆ. ಬಣ್ಣ ಚೆನ್ನಾಗಿ ಬಂತು, ಆದರೆ ಹುಲ್ಲಿನ ರುಚಿ. ಯಾಕೆ?

ಹೂವಿನ ಬುಡದ ಹಸಿರು ಭಾಗ ಬಿಡಿಸದೆ ಹಾಕಿರುತ್ತೀರಿ. ಒಂದು ಹೂವು ಅಂತ ನಾವು ಕರೆಯುವುದರಲ್ಲಿ ನೂರಕ್ಕೂ ಹೆಚ್ಚು ಪುಟ್ಟ ಹೂಗಳಿರುತ್ತವೆ. ನಮಗೆ ಬೇಕಾದದ್ದು ಆ ಹಳದಿ ಎಳೆಗಳು ಮಾತ್ರ. ಬುಡವನ್ನು ಹೆಬ್ಬೆರಳಿಂದ ಒತ್ತಿ ತಿರುಗಿಸಿದರೆ ಗೊಂಚಲು ಕೈಗೆ ಬರುತ್ತದೆ. ಬೇಜಾರಿನ ಕೆಲಸ. ಬೆರಳು ಹಳದಿಯಾಗಿ ಎರಡು ದಿನ ಹಾಗೇ ಇರುತ್ತದೆ. ಬಿಸಿಲೇರಿದ ಮೇಲೆ ಹೂವು ಪೂರ್ತಿ ಅರಳಿದಾಗ ಕೀಳಿ, ಸಂಜೆಗೆ, ಮೋಡಕ್ಕೆ ಅವು ಮುಚ್ಚಿಕೊಳ್ಳುತ್ತವೆ.

100 ಹೂವಿನ ಎಳೆಗಳಿಗೆ ಅರ್ಧ ಲೀಟರ್ ನೀರು, ಅರ್ಧ ನಿಂಬೆಹಣ್ಣಿನ ಬಿಲ್ಲೆಗಳು. ಕಾಲು ಗಂಟೆ ಕುದಿಸಿ, ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಬಟ್ಟೆಯಲ್ಲಿ ಹಿಂಡಿ ಸೋಸಿ, 500 ಗ್ರಾಂ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಜೇನಿನ ಹದಕ್ಕೆ ಇಳಿಸಿ. ಬಿಸಿಯಲ್ಲಿ ತೆಳ್ಳಗೆ ಕಂಡರೂ ಆರಿದಾಗ ಗಟ್ಟಿಯಾಗುತ್ತದೆ, ತಣ್ಣನೆ ತಟ್ಟೆ ಮೇಲೆ ಒಂದು ಹನಿ ಬಿಟ್ಟು ನೋಡಿಕೊಳ್ಳಿ. ಹೆಸರಿಗೆ ಹೂವಿನದು, ತೂಕಕ್ಕೆ ಸಕ್ಕರೆ. ಶುಗರ್ ಇರುವವರಿಗೆ ಬೇಡ. ಹೂವನ್ನೆಲ್ಲ ನೀವೇ ಕೀಳಬೇಡಿ, ವರ್ಷದ ಮೊದಲ ಜೇನುಹುಳುಗಳಿಗೆ ಇದೂ ಒಂದು ಊಟ.

ಪ್ರಶ್ನೆ: ದೇಟಿನ ಹಾಲು ಹಚ್ಚಿದರೆ ನರುಳ್ಳೆ ಉದುರುತ್ತದೆ ಎನ್ನುತ್ತಾರೆ. ಹೌದಾ?

ಹಳೆಯ ನಂಬಿಕೆ, ಹಲವು ದೇಶಗಳಲ್ಲಿದೆ. ನರುಳ್ಳೆ ಎಷ್ಟೋ ಸಲ ತಾನಾಗಿಯೇ ಉದುರುತ್ತದೆ, ಆ ಹೊತ್ತಿಗೆ ಏನು ಹಚ್ಚಿರುತ್ತೇವೋ ಅದಕ್ಕೆ ಹೆಸರು. ಆ ಹಾಲಿನಲ್ಲಿ ರಬ್ಬರಿನ ಅಂಶವಿದೆ. ಇದರ ಇನ್ನೊಂದು ಜಾತಿಯನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಸೋವಿಯತ್ ಒಕ್ಕೂಟ ಟೈರಿನ ರಬ್ಬರಿಗೆಂದೇ ಬೆಳೆದಿತ್ತು. ಕೆಲವರ ಚರ್ಮಕ್ಕೆ ಹಾಲು ತಾಗಿದರೆ ತುರಿಕೆ, ಕೆಂಪು ಗಂದೆ ಏಳುತ್ತದೆ. ಹಚ್ಚಲೇಬೇಕು ಅನಿಸಿದರೆ ಮೊದಲು ಮೊಣಕೈ ಒಳಭಾಗಕ್ಕೆ ಒಂದು ಹನಿ ತಾಗಿಸಿ ಒಂದು ದಿನ ಕಾಯಿರಿ. ಮುಖಕ್ಕೆ, ಕಣ್ಣಿನ ಹತ್ತಿರಕ್ಕೆ ಬೇಡ.